‘ಹೋಕ್ಸ್’ ಅಂದರೆ ಏನು? ಈ ಪದ ಬಂದಿದ್ದು ಎಲ್ಲಿಂದ?

ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶವನ್ನು ಪರಿಶೀಲಿಸಿದವರು ‘ಇದು ಹೋಕ್ಸ್’ ಎನ್ನುವುದನ್ನು ನೀವು ಕೇಳಿರಬಹುದು. ಹಾಗೆಂದರೆ ಬರೀ ಸುಳ್ಳು ಎಂದಷ್ಟೇ ಅರ್ಥವೇ?

ಅರ್ಥವೇನು?
ಗೊತ್ತಿಲ್ಲದೆ ಹೇಳಿದ್ದು ತಪ್ಪು ಮಾಹಿತಿ. ಮೂಲ ತಿಳಿಯದೆ ಬಾಯಿಂದ ಬಾಯಿಗೆ ಹರಡಿದ್ದು ವದಂತಿ. ಜನ ನಂಬಲೆಂದೇ ನಿಜದ ವೇಷ ಹಾಕಿ ಕಟ್ಟಿದ ಸುಳ್ಳು ಹೋಕ್ಸ್. ಕನ್ನಡದ ‘ಕಣ್ಕಟ್ಟು’ ಇದಕ್ಕೆ ಹತ್ತಿರದ ಪದ.

ಮೂಲ ಎಲ್ಲಿಯದು?
ಈ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿದ್ದು 18ನೇ ಶತಮಾನದ ಕೊನೆಯಲ್ಲಿ. ಆಗ ತಮಾಷೆ ಮಾಡುವುದು, ಗೇಲಿ ಮಾಡುವುದು ಎಂಬ ಅರ್ಥವಿತ್ತು. ‘ಹೋಕಸ್’ ಎಂಬುದೇ ಸವೆದು ಹೋಕ್ಸ್ ಆಗಿರಬೇಕು ಎನ್ನುತ್ತಾರೆ ನಿಘಂಟುಕಾರರು. 17ನೇ ಶತಮಾನದ ಇಂಗ್ಲೆಂಡಿನ ಜಾದೂಗಾರರು ‘ಹೋಕಸ್ ಪೋಕಸ್’ ಎನ್ನುತ್ತಿದ್ದರು, ನಮ್ಮಲ್ಲಿ ‘ಛೂ ಮಂತ್ರ’ ಎಂದಂತೆ. ನೋಡುವವರ ಗಮನ ಮಾತಿನ ಕಡೆ ಹೋದಾಗ ಕೈಚಳಕ ನಡೆಯುತ್ತಿತ್ತು.

ಈ ಮಂತ್ರ ಚರ್ಚಿನ ಲ್ಯಾಟಿನ್ ಪ್ರಾರ್ಥನೆಯ ‘ಹೋಕ್ ಎಸ್ಟ್ ಕಾರ್ಪಸ್’ (ಇದು ದೇಹ) ಎಂಬ ಮಾತಿನ ಅಣಕ ಎಂಬ ಕಥೆಯೂ ಇದೆ. ಕೇಳಲು ಚೆನ್ನಾಗಿದೆ, ಆದರೆ ಅದು ಊಹೆ ಮಾತ್ರ.

ಹೋಕ್ಸ್ ಹೇಗೆ ಕೆಲಸ ಮಾಡುತ್ತದೆ?
1835ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆ, ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರಿದ್ದಾರೆ ಎಂದು ಸರಣಿ ಲೇಖನ ಪ್ರಕಟಿಸಿತು. ಕಂಡವರು ಖ್ಯಾತ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಎಂದಿತು. ಹರ್ಷೆಲ್ ಆಗ ದೂರದ ದಕ್ಷಿಣ ಆಫ್ರಿಕಾದಲ್ಲಿದ್ದರು, ಅವರನ್ನು ಕೂಡಲೇ ಕೇಳುವಂತಿರಲಿಲ್ಲ. ದೊಡ್ಡ ಹೆಸರು, ದೂರದ ಊರು: ಇಂದಿನ ಫಾರ್ವರ್ಡ್‌ಗಳಲ್ಲೂ ಇದೇ ತಂತ್ರ.

2018ರಲ್ಲಿ ಭಾರತದಲ್ಲಿ ಹರಿದಾಡಿದ ‘ಮಕ್ಕಳ ಕಳ್ಳರ’ ವಿಡಿಯೊ ನಿಜಕ್ಕೂ ಕರಾಚಿಯ ಜಾಗೃತಿ ಚಿತ್ರ. ಮಗುವನ್ನು ವಾಪಸ್ ಬಿಡುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಅದೇ ವರ್ಷದ ಜುಲೈನಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯಿಂದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಇಂಥ ಸಾವುಗಳ ನಂತರವೇ ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಒಮ್ಮೆಗೆ 5 ಚಾಟ್‌ಗಳ ಮಿತಿ ಹಾಕಿದ್ದು.

ನೀವೇನು ಮಾಡಬಹುದು?
ಹೋಕ್ಸ್ ಕಟ್ಟುವವರು ಕೆಲವರು, ಹರಡುವವರು ‘ನಾಲ್ಕು ಜನಕ್ಕೆ ಒಳ್ಳೆಯದಾಗಲಿ’ ಎನ್ನುವ ನಮ್ಮಂಥವರು. ಸಂದೇಶದಲ್ಲಿ ಊರು, ದಿನಾಂಕ ಇದೆಯೇ? ಬೇರೆ ಸುದ್ದಿ ಮಾಧ್ಯಮಗಳಲ್ಲಿ ಬಂದಿದೆಯೇ? ಅನುಮಾನವಿದ್ದರೆ ಫಾರ್ವರ್ಡ್ ಮಾಡಬೇಡಿ.