ಪೀಸಾದ ಗೋಪುರ ಮತ್ತು ಒಂದು ಮಾವಿನ ಎಲೆ

ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುತ್ತಿದ್ದಷ್ಟು ಕಾಲವೂ ನಾನು ಒಂದು ಕಥೆಯನ್ನು ಪ್ರತಿವರ್ಷ ತಪ್ಪದೆ ಹೇಳುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿರಬಹುದು. ಗೆಲಿಲಿಯೋ ಪೀಸಾ ನಗರದ ವಾಲಿದ ಗೋಪುರವನ್ನೇರಿ ಒಂದು ಭಾರದ ಗುಂಡನ್ನೂ ಒಂದು ಹಗುರವಾದ ಗುಂಡನ್ನೂ ಒಟ್ಟಿಗೆ ಕೆಳಕ್ಕೆ ಬಿಟ್ಟನೆಂದೂ, ಎರಡೂ ಏಕಕಾಲಕ್ಕೆ ನೆಲ ಮುಟ್ಟಿದವೆಂದೂ, ಅರಿಸ್ಟಾಟಲನ ಸಿದ್ಧಾಂತ ಆ ಕ್ಷಣದಲ್ಲೇ ಕುಸಿಯಿತೆಂದೂ ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದೆ.

1978ರಲ್ಲಿರಬೇಕು, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಮಾವಿನ ಎಲೆಯೂ ಮಾವಿನ ಕಾಯಿಯೂ ಒಟ್ಟಿಗೆ ಬೀಳೋದಿಲ್ಲವಲ್ಲ?” ಎಂದು ಕೇಳಿದ. “ಗೆಲಿಲಿಯೋನಿಗಿಂತ ನೀನು ಬುದ್ಧಿವಂತನೋ? ಕೂತ್ಕೋ” ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ಆ ವರ್ಷ ಆತ ಮತ್ತೆ ಪ್ರಶ್ನೆ ಕೇಳಲಿಲ್ಲ.

ನಿವೃತ್ತಿಯ ನಂತರ ಬಿಡುವು ದೊರೆತು ಗೆಲಿಲಿಯೋನ ಬರಹಗಳನ್ನು ಓದಿದಾಗ ನನಗೆ ನಾಚಿಕೆಯಾಯಿತು. ಪೀಸಾ ಗೋಪುರದ ಆ ಪ್ರದರ್ಶನವನ್ನು ಆತ ತನ್ನ ಗ್ರಂಥಗಳಲ್ಲಿ ಎಲ್ಲಿಯೂ ಬರೆದಿಲ್ಲ. ಅದು ನಮಗೆ ದೊರೆತಿರುವುದು ಅವನ ಕೊನೆಯ ವರ್ಷಗಳ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ; ಅದು ಅಚ್ಚಾದದ್ದು 1717ರಲ್ಲಿ, ಗೆಲಿಲಿಯೋ ತೀರಿಕೊಂಡು 75 ವರ್ಷಗಳಾದ ಮೇಲೆ. ಅಂಥ ಪ್ರಯೋಗವನ್ನು ಮಾಡಿ ಅಚ್ಚಿನಲ್ಲಿ ದಾಖಲಿಸಿದವನು ಸೈಮನ್ ಸ್ಟೆವಿನ್. ಒಂದಕ್ಕಿಂತ ಇನ್ನೊಂದು ಹತ್ತುಪಟ್ಟು ಭಾರವಾದ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಹಲಗೆಯೊಂದರ ಮೇಲೆ ಬೀಳಿಸಿದಾಗ ಒಂದೇ ಸದ್ದು ಕೇಳಿಸಿತೆಂದು ಆತ 1586ರಲ್ಲಿಯೇ ಪ್ರಕಟಿಸಿದ್ದ.

ಅರಿಸ್ಟಾಟಲನೂ ಮೂಢನಲ್ಲ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ಎಲೆ ತೇಲುತ್ತಾ ಇಳಿಯುತ್ತದೆ, ಕಲ್ಲು ದೊಪ್ಪನೆ ಬೀಳುತ್ತದೆ. ಆದ್ದರಿಂದ ಚಲನೆಗೆ ಸದಾ ಒಬ್ಬ ಚಾಲಕ ಬೇಕೆಂದೂ, ಭಾರವಾದದ್ದು ಭಾರಕ್ಕೆ ತಕ್ಕಷ್ಟು ಬೇಗ ಬೀಳುವುದೆಂದೂ ಆತ ಹೇಳಿದ. ಕಣ್ಣಿಗೆ ಕಾಣುವುದು ಹಾಗೆಯೇ. ಗುರುತ್ವಾಕರ್ಷಣೆ, ನೆಲದ ಘರ್ಷಣೆ, ಗಾಳಿಯ ತಡೆ ಇವು ಒಂದರೊಳಗೊಂದು ಹೆಣೆದುಕೊಂಡೇ ನಮಗೆ ಕಾಣುತ್ತವೆ. ಗೆಲಿಲಿಯೋನ ಹಿರಿಮೆ ಇರುವುದು ಆ ಎಳೆಗಳನ್ನು ಬಿಡಿಸಿದ್ದರಲ್ಲಿ.

ನೇರವಾಗಿ ಬೀಳುವ ವಸ್ತುವಿನ ವೇಗವನ್ನು ಅಂದಿನ ಗಡಿಯಾರಗಳಿಂದ ಅಳೆಯುವುದು ಅಸಾಧ್ಯವಾಗಿತ್ತು. ಆದ್ದರಿಂದ ಆತ ಇಳಿಜಾರಿನ ನೆರವಿನಿಂದ ಗುರುತ್ವಾಕರ್ಷಣೆಯನ್ನೇ ನಿಧಾನಗೊಳಿಸಿದ. ಸುಮಾರು ಹನ್ನೆರಡು ಮೊಳ ಉದ್ದದ ಮರದ ತೊಲೆಯಲ್ಲಿ ಬೆರಳಗಲದ ಗಾಡಿಯೊಂದನ್ನು ಕೊರೆಸಿ, ಘರ್ಷಣೆ ತಗ್ಗಲೆಂದು ಅದಕ್ಕೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಕಂಚಿನ ಗುಂಡನ್ನು ಉರುಳಬಿಟ್ಟ. ಗುಂಡು ಉರುಳುವಷ್ಟು ಹೊತ್ತು ಪಾತ್ರೆಯೊಂದರ ಸಣ್ಣ ಕೊಳವೆಯಿಂದ ಇಳಿದ ನೀರನ್ನು ಹಿಡಿದು, ಅದನ್ನು ತಕ್ಕಡಿಯಲ್ಲಿ ತೂಗಿ ಕಾಲವನ್ನು ಅಳೆದ. ಸಾಗಿದ ದೂರವು ಕಾಲದ ವರ್ಗಕ್ಕೆ ಅನುಗುಣವಾಗಿತ್ತು: ಕಾಲ ಎರಡುಪಟ್ಟಾದರೆ ದೂರ ನಾಲ್ಕುಪಟ್ಟು, ಮೂರುಪಟ್ಟಾದರೆ ಒಂಬತ್ತುಪಟ್ಟು. ನೂರು ಬಾರಿ ಮಾಡಿ ನೋಡಿದೆನೆಂದು ಆತ ಬರೆದಿದ್ದಾನೆ.

ಘರ್ಷಣೆಯನ್ನು ತಗ್ಗಿಸುತ್ತಾ ಹೋದವನಿಗೆ, ಅದು ಇಲ್ಲವೇ ಇಲ್ಲದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಸಹಜ. ಏರೂ ಇಲ್ಲದ, ಇಳಿಜಾರೂ ಇಲ್ಲದ ನುಣುಪಾದ ನೆಲದ ಮೇಲೆ, ಯಾವ ಅಡ್ಡಿಯೂ ಇಲ್ಲದಿದ್ದರೆ, ಉರುಳತೊಡಗಿದ ಗುಂಡು ನಿಲ್ಲಲು ಕಾರಣವೇ ಇಲ್ಲವೆಂದು 1632ರ ತನ್ನ ‘ಸಂವಾದ’ದಲ್ಲಿ ಆತ ವಾದಿಸಿದ. 1687ರಲ್ಲಿ ನ್ಯೂಟನ್ ಚಲನೆಯ ಮೊದಲ ನಿಯಮವಾಗಿ ನಿರೂಪಿಸಿದ ತತ್ತ್ವದ ಬೀಜ ಇಲ್ಲಿದೆ. ಗಾಡಿ ನಿಲ್ಲುವುದು ಎತ್ತು ಎಳೆಯದಿರುವುದರಿಂದಲ್ಲ, ಚಕ್ರವನ್ನೂ ಅಚ್ಚನ್ನೂ ಘರ್ಷಣೆ ತಡೆಯುವುದರಿಂದ.

ನನ್ನನ್ನು ಹೆಚ್ಚು ಕಾಡಿದ ಮಾತು ಇರುವುದು 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ‘ಎರಡು ನೂತನ ವಿಜ್ಞಾನಗಳು’ ಗ್ರಂಥದಲ್ಲಿ. ಆಗ ಗೆಲಿಲಿಯೋ ಗೃಹಬಂಧನದಲ್ಲಿದ್ದ, ಕಣ್ಣುಗಳೂ ಹೋಗಿದ್ದವು. ನೂರು ಮೊಳ ಎತ್ತರದಿಂದ ಒಂದು ಭಾರೀ ಗುಂಡನ್ನೂ ಅದರ ನೂರನೆಯ ಒಂದು ಪಾಲು ತೂಕದ ಗುಂಡನ್ನೂ ಬಿಟ್ಟರೆ, ದೊಡ್ಡದು ಎರಡು ಬೆರಳಿನಷ್ಟು ಮುಂದಿರುತ್ತದೆಂದು ಅಲ್ಲಿ ಹೇಳಿದ್ದಾನೆ. ಅಂದರೆ ಎರಡೂ ಸರಿಯಾಗಿ ಒಟ್ಟಿಗೆ ಬಿದ್ದವೆಂದು ಆತ ಹೇಳಲೇ ಇಲ್ಲ! ಆ ಎರಡು ಬೆರಳಿನ ಅಂತರವನ್ನು ಮುಚ್ಚಿಡದೆ, ಅದು ಗಾಳಿಯ ತಡೆಯಿಂದ ಬಂದದ್ದೆಂದು ವಿವರಿಸಿ, ಗಾಳಿಯೇ ಇಲ್ಲದೆಡೆ ಎಲ್ಲವೂ ಸಮವೇಗದಲ್ಲಿ ಬೀಳುವವೆಂದು ತೀರ್ಮಾನಿಸಿದ.

ಅಂಥ ಗಾಳಿಯಿಲ್ಲದ ನೆಲದ ಮೇಲೆ ನಿಂತು, 1971ರ ಆಗಸ್ಟ್ 2ರಂದು ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಒಂದು ಸುತ್ತಿಗೆಯನ್ನೂ ಒಂದು ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಚಂದ್ರನ ಗುರುತ್ವ ನಮ್ಮದರ ಆರನೆಯ ಒಂದು ಪಾಲಿನಷ್ಟು. ಎರಡೂ ನಿಧಾನವಾಗಿ, ಆದರೆ ಜೊತೆಯಾಗಿಯೇ ನೆಲ ಸೇರಿದವು. ಆ ಹುಡುಗ ನನ್ನನ್ನು ಕೇಳುವುದಕ್ಕೆ ಏಳು ವರ್ಷ ಮೊದಲೇ ಇದು ನಡೆದಿತ್ತು. ಎಲೆಯನ್ನು ತಡೆಯುವುದು ಗಾಳಿ, ಗಾಳಿಯಿಲ್ಲದಿದ್ದರೆ ನೋಡು ಹೀಗಾಗುತ್ತದೆ ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು.

ಅವನು ಗೆಲಿಲಿಯೋನಂತೆ ಮರವನ್ನು ನೋಡಿ ಮಾತಾಡಿದ್ದ. ನಾನು ಅರಿಸ್ಟಾಟಲನ ಹಿಂಬಾಲಕರಂತೆ ಪುಸ್ತಕವನ್ನು ನಂಬಿ ಅವನನ್ನು ಕೂರಿಸಿದ್ದೆ. ಈಗ ಅವನು ಎಲ್ಲಿದ್ದಾನೋ ಅರಿಯೆ. ಇದು ಅವನ ಕಣ್ಣಿಗೆ ಬಿದ್ದರೆ, ಅಂದು ಅವನ ಪ್ರಶ್ನೆಯೇ ಸರಿಯಾಗಿತ್ತೆಂದು ಅವನ ಮೇಷ್ಟ್ರು ಒಪ್ಪಿಕೊಂಡಿದ್ದಾರೆಂದು ತಿಳಿಯಲಿ. ನಿಮ್ಮಲ್ಲಿ ಅಧ್ಯಾಪಕರಾಗಿರುವವರಿಗೆ ನನ್ನ ವಿನಂತಿ ಇಷ್ಟೇ: ಹಿಂದಿನ ಬೆಂಚಿನಿಂದ ಏಳುವ ಕೈಯನ್ನು ಇಳಿಸಬೇಡಿ.