ಯಾವ ಪದ್ಯ ಬಿಟ್ಟದ್ದು?

ನಮ್ಮ ತವರಿನಲ್ಲಿ ಆಸ್ತಿಗೆ ಜಗಳ ಆದದ್ದು ನನಗೆ ನೆನಪಿಲ್ಲ. ಭಾಗವತರ ವಿಷಯಕ್ಕೆ ಆದದ್ದು ಮಾತ್ರ ಲೆಕ್ಕ ಇಲ್ಲದಷ್ಟುಂಟು. ಅಪ್ಪನಿಗೆ ಬಲಿಪ ನಾರಾಯಣ ಭಾಗವತರು ಅಂದ್ರೆ ಮುಗೀತು, ಅವರ ಮೇಲೆ ಇನ್ನೊಬ್ಬರಿಲ್ಲ. ದೊಡ್ಡ ಭಾವ ಕುಂದಾಪುರದ ಕಡೆಯವರು, ಅವರಿಗೆ ಕಾಳಿಂಗ ನಾವಡರೇ ಆಗ್ಬೇಕು. ಅಣ್ಣನಿಗೆ ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು. ಈ ಮೂವರು ಒಟ್ಟಿಗೆ ಊಟಕ್ಕೆ ಕೂತ್ರೆ ಅಮ್ಮ ಬಡಿಸುವ ಮೊದಲೇ ಹೇಳುವುದು, "ಮೀನಿನ ಮುಳ್ಳು ನೋಡ್ಕೊಂಡು ಉಣ್ಣಿ, ಭಾಗವತಿಕೆ ಮತ್ತೆ ಮಾಡುವ."

ಬೆಂಗ್ರೆಯವರಿಗೆ ಆಟ ನೋಡುವುದು ಅಂದ್ರೆ ಸುಲಭದ ಕೆಲಸ ಆಗಿರ್ಲಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನೆಹರೂ ಮೈದಾನದಲ್ಲಿ ಟೆಂಟು ಬಿದ್ದಿದೆ ಅಂತ ಸುದ್ದಿ ಬಂದ್ರೆ ಸಂಜೆಗೇ ಅಡುಗೆ ಮುಗಿಸಿ, ದೋಣಿಯಲ್ಲಿ ಬಂದರಿಗೆ ದಾಟಿ, ಅಲ್ಲಿಂದ ನಡ್ಕೊಂಡು ಹೋಗುವುದು. ನೆಲದ ಟಿಕೇಟು, ಕಾಗದದ ಪೊಟ್ಟಣದಲ್ಲಿ ನೆಲಗಡಲೆ, ಮಕ್ಕಳಿಗೆ ಹೊದಿಲಿಕ್ಕೆ ಒಂದು ಹಳೇ ಸೀರೆ. ರಾತ್ರಿ ವಾಪಸ್ ಬರ್ಲಿಕ್ಕೆ ದೋಣಿ ಇಲ್ಲ. ಹಾಗಾಗಿ ನಿದ್ದೆ ಬಂದ್ರೂ ಬಾರದಿದ್ರೂ ಮಂಗಳ ಪದ್ಯದವರೆಗೆ ಕೂರುವುದೇ. ಬೆಳಿಗ್ಗೆ ಮೊದಲ ದೋಣಿಯಲ್ಲಿ ಬರುವಾಗ ಅರ್ಧ ದೋಣಿ ತೂಕಡಿಸ್ತದೆ, ಇನ್ನರ್ಧ ಚರ್ಚೆ ಮಾಡ್ತದೆ. ಇಂಥಾ ಪದ್ಯವನ್ನು ಇವತ್ತು ಬೇರೆ ರಾಗದಲ್ಲಿ ಹೇಳಿದ್ರು, ಇಂಥಾದ್ದನ್ನು ಬಿಟ್ಟರು, ಮೊನ್ನೆ ಸುರತ್ಕಲ್ ಮೇಳದಲ್ಲಿ ಅಗರಿಯವರು ಹೀಗೆ ಹೇಳಿದ್ದಲ್ಲ ಅಂತ.

ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ. ದೋಣಿಗಳು ದಡದಲ್ಲಿ. ಗಂಡಸರು ಜಗಲಿಯಲ್ಲಿ ಕೂತು ಬಲೆ ಸರಿ ಮಾಡ್ತಾ ಕ್ಯಾಸೆಟ್ ಹಾಕುವುದು. ಆಟದ ರಾತ್ರಿಯಲ್ಲಿ ಒಮ್ಮೆ ಕೇಳಿದ ಪದ್ಯ ಮತ್ತೆ ಸಿಗ್ಲಿಕ್ಕಿಲ್ಲ, ಕ್ಯಾಸೆಟ್ಟಿನಲ್ಲಿ ಆದ್ರೆ ತಿರುಗಿಸಿ ತಿರುಗಿಸಿ ಕೇಳ್ಬಹುದು. ಜಗಳಕ್ಕೆ ಸಾಕ್ಷಿ ಸಿಕ್ಕಿದ ಹಾಗಾಯ್ತು! ಟೇಪ್ ಸಿಕ್ಕಿಕೊಂಡ್ರೆ ಪೆನ್ಸಿಲ್ ಹಾಕಿ ಸುತ್ತುವುದು ನನ್ನ ಕೆಲಸ.

ಅಪ್ಪನ ವಾದ ಹೀಗೆ. ಬಲಿಪರು 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದವರು, ಅದೇ ಹೆಸರಿನ ಅಜ್ಜನಿಂದ ಕಲಿತವರು. ಮೈಕಿಲ್ಲದ ಕಾಲದ ಏರು ಸ್ವರ, ಚೆಂಡೆಯ ಮೇಲಿಂದ ಪದ್ಯದ ಅಕ್ಷರ ಅಕ್ಷರ ಕೇಳ್ಬೇಕು. ಕಟೀಲು ಮೇಳದಲ್ಲಿ ಅಷ್ಟು ವರ್ಷ ಹಾಡಿಯೂ ರಾಗ ತೋರಿಸ್ಲಿಕ್ಕೆ ಅಂತ ಕಥೆಯನ್ನು ನಿಲ್ಲಿಸಿದವರಲ್ಲ. ದೇವಿಮಹಾತ್ಮೆಯನ್ನು ಐದು ದಿನ ಆಡುವಷ್ಟು ದೊಡ್ಡ ಪ್ರಸಂಗವಾಗಿ ಬರೆದವರೂ ಅವರೇ.

ಭಾವನ ವಾದ ಬೇರೆ. ನಾವಡರು ಸಾಲಿಗ್ರಾಮ ಮೇಳದಲ್ಲಿ ಹಾಡಿದ ಮೇಲೆಯೇ ಬಡಗಿನಲ್ಲಿ ಹುಡುಗರು ಭಾಗವತರನ್ನು ನೋಡ್ಲಿಕ್ಕೆ ಅಂತ ಟಿಕೇಟು ತೆಗೆದದ್ದು. ಹೊಸ ರಾಗ ತಂದ್ರು, 'ನಾಗಶ್ರೀ'ಯ ಹಾಗೆ ಹೊಸ ಪ್ರಸಂಗ ತಾವೇ ಬರೆದ್ರು. ಅಪ್ಪ ಹೇಳುವುದು, "ಆಲಾಪನೆ ಮುಗಿಯುವವರೆಗೆ ವೇಷದವ ಎಂತ ಮಾಡುದು? ಸುಮ್ಮನೆ ನಿಲ್ಲುದಾ?" ಭಾವ ಹೇಳುವುದು, "ಮಾವ, ಕುಣಿತ ಗೊತ್ತಿದ್ದವ ನಿಲ್ಲುದಿಲ್ಲ."

1990ರ ಮೇ ತಿಂಗಳಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಹೋದ್ರು. ಹುಟ್ಟಿದ್ದು 1958, ಎಂಥಾ ಪ್ರಾಯ ಅದು! ಆ ವಾರ ಭಾವ ಮನೆಗೆ ಬಂದಾಗ ಅಪ್ಪ ಏನೂ ಮಾತಾಡದೆ ನಾವಡರ ಕ್ಯಾಸೆಟ್ಟನ್ನೇ ಹಾಕಿದ್ರು. ಎರಡೂ ಬದಿ ಕೇಳಿದ್ರು. ಆ ದಿನ ಜಗಳ ಆಗ್ಲಿಲ್ಲ.

ಇದೆಲ್ಲ ನಮ್ಮ ಯಕ್ಷಗಾನದವರಿಗೆ ಮಾತ್ರ ಇರುವ ಹುಚ್ಚು ಅಂತ ನಾನು ತಿಳ್ಕೊಂಡಿದ್ದೆ. 2011ರ ಅಕ್ಟೋಬರಿನಲ್ಲಿ ಅಮೆರಿಕದ ಮೆಟಾಲಿಕಾ ಅಂತ ರಾಕ್ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅಕ್ಕನ ಮಗ ಅಲ್ಲಿಗೆ ಹೋಗಿ, ಗಂಟಲು ಕಟ್ಟಿಸ್ಕೊಂಡು ಊರಿಗೆ ಬಂದ. ಬಂದವ ಫೋನಿನಲ್ಲಿ ಸ್ನೇಹಿತರೊಟ್ಟಿಗೆ ಒಂದೇ ಚರ್ಚೆ. ಆ ಹಾಡು ಯಾಕೆ ಹಾಡ್ಲಿಲ್ಲ, ಈ ಹಾಡನ್ನು ಯಾಕೆ ಕೊನೆಗೆ ಇಟ್ಟದ್ದು, ಹಳೇ ಆಲ್ಬಮ್ಮಿನ ಎದುರು ಹೊಸದು ಏನೂ ಅಲ್ಲ ಅಂತ. ಅಮ್ಮ ಒಳಗಿಂದ ಕೇಳಿ ನಗಾಡಿದ್ರು. "ಅಜ್ಜನದ್ದೇ ಪುಳ್ಳಿ" ಅಂದ್ರು.

ಈ ಎಲ್ಲ ಜಗಳದಲ್ಲಿ ಹೆಂಗಸರ ಪಾಲು ಎಂತ ಅಂತ ನಾನು ಆವರೆಗೆ ಯೋಚನೆ ಮಾಡಿರ್ಲಿಲ್ಲ. ನಾವು ಚಾ ಕೊಟ್ಟೆವು, ಟೇಪ್ ಸುತ್ತಿದೆವು, ಅಷ್ಟೇ ಅಂತ.

ಈಗ ಹೆಚ್ಚಿನ ಮೇಳದವರ ಆಟ ಕಾಲಮಿತಿಯದ್ದು. ಸಂಜೆ ಸುರು ಆಗಿ ನಡುರಾತ್ರಿಗೆ ಮುಗೀತದೆ. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕ್ಬಾರ್ದು ಅಂತ 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ ಉಂಟು. ಅದೂ ಅಲ್ಲದೆ ಮರುದಿನ ಕೆಲಸಕ್ಕೆ, ಶಾಲೆಗೆ ಹೋಗುವವರು ಯಾರು ಇಡೀ ರಾತ್ರಿ ಕೂರ್ತಾರೆ? 2022ರಲ್ಲಿ ಕಟೀಲು ಮೇಳದ ಆಟವೂ ಕಾಲಮಿತಿಗೆ ಅಂತ ಆದಾಗ ಬೇಡ ಅಂತ ಭಕ್ತರು ಪಾದಯಾತ್ರೆಯನ್ನೇ ಮಾಡಿದ್ರು. ನಮ್ಮ ಮನೆಯಲ್ಲಿಯೂ ಎರಡು ಪಂಗಡ. ಅಣ್ಣನಿಗೆ ಬೆಳಗ್ಗಿನವರೆಗೆ ಬೇಕು. ನನ್ನ ಮಗನಿಗೆ ಗಟ್ಟಿ ಇರುವುದನ್ನು ಮಾತ್ರ ಆಡಿ ಮುಗಿಸಿದ್ರೆ ಸಾಕು. ನಾನು ಮನಸ್ಸಿನಲ್ಲೇ ಮಗನ ಪಕ್ಷ. ನನ್ನ ಸೊಂಟವೂ ಅವನ ಪಕ್ಷವೇ!

ಮತ್ತೆ ಒಂದು ದಿನ ನೆಂಟರ ಮನೆಯ ಹರಕೆ ಆಟ, ದೇವಿಮಹಾತ್ಮೆ. ಅಮ್ಮನನ್ನೂ ಕರ್ಕೊಂಡು ಹೋದೆವು. ಎಂಬತ್ತು ದಾಟಿದ ಜೀವ, ಕಿವಿ ಸ್ವಲ್ಪ ಮಂದ. ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿಂದ ಬಂದ, ಮಕ್ಕಳು ಕೂಗಿದ್ರು, ಮೊಬೈಲುಗಳೆಲ್ಲ ಮೇಲೆ ಎದ್ದವು. ಅಮ್ಮ ಸುಮ್ಮನೆ ಕೂತಿದ್ರು. ಕಾರಿನಲ್ಲಿ ಬರುವಾಗ ಕೇಳಿದ್ರು, "ಮಾಲಿನಿಯ ಪದ್ಯ ಎಲ್ಲಿ ಹೋಯ್ತು ಮಗಾ?"

ಮಾಲಿನಿ ಅಂದ್ರೆ ಮಹಿಷಾಸುರನ ತಾಯಿ. ಮಗ ಯುದ್ಧಕ್ಕೆ ಹೊರಡುವ ಮೊದಲು ತಾಯಿ ಮಗನಿಗೆ ಮಾತುಂಟು, ಪದ್ಯ ಉಂಟು. ಅವತ್ತು ಅದು ಎರಡು ಮಾತಿನಲ್ಲಿ ಮುಗಿದಿತ್ತು. ನಾವು ಯಾರೂ ಗಮನಿಸಿರ್ಲಿಲ್ಲ. ಅಣ್ಣನೂ ಕೂಡ! ಅಕ್ಷರ ಬಾರದ ಅಮ್ಮನಿಗೆ ಗೊತ್ತಾಯ್ತು.

ಆಮೇಲೆ ನಾನು ನೋಡಿದ ಕಾಲಮಿತಿ ಆಟಗಳಲ್ಲೆಲ್ಲ ಇದನ್ನೇ ಗಮನಿಸ್ಲಿಕ್ಕೆ ಸುರು ಮಾಡಿದೆ. ಯುದ್ಧ ಉಳೀತದೆ, ಅಬ್ಬರದ ಪ್ರವೇಶ ಉಳೀತದೆ, ಹಾಸ್ಯವೂ ಉಳೀತದೆ. ಸಣ್ಣದಾಗುವುದು ಮಾಲಿನಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಳುವ ಚಂದ್ರಮತಿ, ಕಾಡಿನಲ್ಲಿ ಒಬ್ಬಳೇ ಉಳಿದ ದಮಯಂತಿ. ಯಾರೂ ಬೇಕೂಂತ ಮಾಡುವುದಲ್ಲ. ನಿಧಾನದ ಪದ್ಯಕ್ಕೆ ಚಪ್ಪಾಳೆ ಬೀಳುವುದಿಲ್ಲ, ಕತ್ತರಿ ಬೀಳ್ತದೆ. ಇಡೀ ರಾತ್ರಿಯ ಆಟದಲ್ಲಿ ಆ ಹೊತ್ತಿಗೆ ಗಂಡಸರು ಚಾ ಕುಡೀಲಿಕ್ಕೆ ಎದ್ದು ಹೋಗುವುದಿತ್ತು. ಕೂತು ಕೇಳ್ತಾ ಇದ್ದದ್ದು ಮಗು ಮಲಗಿಸಿಕೊಂಡ ಹೆಂಗಸರು. ಅದಕ್ಕೇ ಅಮ್ಮನಿಗೆ ಅದು ಬಾಯಿಪಾಠ, ಅಪ್ಪನ ಜಗಳದಲ್ಲಿ ಅದರ ಹೆಸರೇ ಇಲ್ಲ.

ಇನ್ನೊಂದು ಹೆಸರೂ ಆ ಜಗಳದಲ್ಲಿ ಯಾವತ್ತೂ ಬರ್ಲಿಲ್ಲ. ಲೀಲಾವತಿ ಬೈಪಾಡಿತ್ತಾಯರದ್ದು. 1947ರಲ್ಲಿ ಮಧೂರಿನಲ್ಲಿ ಹುಟ್ಟಿದವರು. ಮದುವೆ ಆದ ಮೇಲೆ ಯಜಮಾನ್ರಾದ ಹರಿನಾರಾಯಣ ಬೈಪಾಡಿತ್ತಾಯರ ಒಟ್ಟಿಗೆ ಭಾಗವತಿಕೆಗೆ ಬಂದ್ರು. ಅವರು ಚೆಂಡೆ ಮದ್ದಳೆ, ಇವರು ಹಾಡು. ಆ ಕಾಲದಲ್ಲಿ ಗಂಡಸರ ಮೇಳದೊಟ್ಟಿಗೆ ಊರೂರು ತಿರುಗಿ ರಾತ್ರಿಯಿಡೀ ಹಾಡಿದ ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಹೋದ್ರು. ಬಲಿಪರು 2023ರ ಫೆಬ್ರವರಿಯಲ್ಲಿ ಹೋದಾಗ ನಮ್ಮ ಮನೆಯಲ್ಲಿ ಎರಡು ದಿನ ಅದೇ ಮಾತು. ಇವರು ಹೋದಾಗ ಅಣ್ಣ "ಪಾಪ, ಒಳ್ಳೆ ಹಾಡ್ತಿದ್ರು" ಅಂದ, ಅಷ್ಟೇ. "ಹಾಗಾದ್ರೆ ಇಷ್ಟು ವರ್ಷ ಪಟ್ಟಿಯಲ್ಲಿ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ. ಅವನ ಹತ್ರ ಉತ್ತರ ಇರ್ಲಿಲ್ಲ.

ಕಾಲಮಿತಿ ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಪ್ರಸಂಗಪುಸ್ತಕದಲ್ಲಿ ಎಲ್ಲ ಪದ್ಯವೂ ಅಚ್ಚಾಗಿ ಉಂಟು. ಆದ್ರೆ ಪುಸ್ತಕದಲ್ಲಿದ್ದದ್ದು ರಂಗಸ್ಥಳದಲ್ಲಿ ಉಳಿಯುವುದು "ಅದನ್ನು ಯಾಕೆ ಬಿಟ್ಟಿರಿ?" ಅಂತ ಕೇಳುವವರು ಇದ್ರೆ ಮಾತ್ರ. ಗಂಡಸರು ಜಗಳ ಮಾಡಿದ ಪದ್ಯಗಳೆಲ್ಲ ಉಳಿದಿವೆ ನೋಡಿ. ನಾವು ಬಾಯಿ ಬಿಡದ ಪದ್ಯಗಳು ಹೋದವು.

ಹಾಗಾಗಿ ಕಳೆದ ಮಳೆಗಾಲದಲ್ಲಿ ಮಗನ ಹಳೇ ನೋಟುಪುಸ್ತಕ ತಗೊಂಡು ಅಮ್ಮನ ಹತ್ರ ಕೂತೆ. ದೇವಿಮಹಾತ್ಮೆಯಲ್ಲಿ ಯಾವುದರ ನಂತರ ಯಾವುದು, ಯಾವ ಪದ್ಯ ಎಷ್ಟು ಹೊತ್ತಿಗೆ ಬರ್ತಿತ್ತು ಅಂತ ಹೇಳ್ತಾ ಹೋದ್ರು. ಅಮ್ಮನ ಹತ್ರ ಗಡಿಯಾರದ ಲೆಕ್ಕ ಇಲ್ಲ. ಮಧುಕೈಟಭರ ಹೊತ್ತಿಗೆ ನೀನು ನಿದ್ದೆ ಮಾಡ್ತಿದ್ದಿ, ಮಾಲಿನಿ ಬರುವಾಗ ಚಳಿ ಸುರು, ರಕ್ತಬೀಜನಿಗೆ ಕಾಗೆ ಕೂಗಲಿಕ್ಕೆ ಆಯ್ತು, ಹೀಗೆ. ನಾಲ್ಕು ಪುಟ ಆಯ್ತು.

ಮೊನ್ನೆ ಅಣ್ಣ ಬಂದವ ಅದನ್ನು ನೋಡಿದ. ಕನ್ನಡಕ ಹಾಕಿ ಓದಿ, "ಇದು ತಪ್ಪು, ಚಂಡಮುಂಡರ ಹತ್ರ ಇನ್ನೊಂದು ಪದ್ಯ ಉಂಟು" ಅಂದ. ಅಮ್ಮ ಮಲಗಿದ್ದಲ್ಲಿಂದಲೇ ಕೇಳಿದ್ರು, "ನೀನು ಆಗ ಚಾ ಕುಡೀಲಿಕ್ಕೆ ಹೋಗಿದ್ದಿಯಲ್ಲ, ನಿನಗೆ ಹೇಗೆ ಗೊತ್ತು?"

ಊಟಕ್ಕೆ ಬಡಿಸಿದ್ದು ತಣ್ಣಗಾಯ್ತು. ಆಗ್ಲಿ ಅಂತ ಬಿಟ್ಟೆ.