ಕೈ ಬೀಸಿ ಆಡುವ ಹೊಸ ವಿಡಿಯೋ ಗೇಮ್ ಮನೆಮನೆಗೂ ಬರುತ್ತದೆಯೇ? ಕೊಬ್ಬರಿ ದುಡ್ಡು ಹಾಕುವ ಮೊದಲು ಓದಿ

ಟಿವಿ ಮುಂದೆ ನಿಂತು ಕೈ ಬೀಸಿದರೆ ಪರದೆಯಲ್ಲಿ ಬ್ಯಾಟ್ ಬೀಸುತ್ತದೆ. ನೀವು ಕುಣಿದರೆ ಅಲ್ಲಿನ ಗೊಂಬೆಯೂ ಕುಣಿಯುತ್ತದೆ. ಇಂಥ ಸಾಧನಗಳ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಜೊತೆಗೆ ಮೂರು ಮಾತು: ಇನ್ನು ಎಲ್ಲರ ಮನೆಯಲ್ಲೂ ಇದೇ, ಬಟನ್ ಒತ್ತುವ ಕಾಲ ಮುಗಿಯಿತು, ಮಕ್ಕಳಿಗೆ ಆಟದ ಜೊತೆ ವ್ಯಾಯಾಮವೂ ಆಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರ ಮನೆಗೆ ದೊಡ್ಡ ಸಾಮಾನು ಬರುವುದು ಹೆಚ್ಚಾಗಿ ಕೊಬ್ಬರಿ ಮಾರಿದ ಮೇಲೆ. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ, ಸುಲಿದು, ಒಡೆದು ಗಳಿಸಿದ ದುಡ್ಡು ಅದು. ಹಾಗಾಗಿ ಫಾರ್ವರ್ಡ್ ಮಾಡುವ ಮೊದಲೂ, ಕೊಳ್ಳುವ ಮೊದಲೂ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಮುಖ್ಯವಾಗಿ ಎರಡು ಬಗೆ ಇದೆ. ಮೊದಲನೆಯದರಲ್ಲಿ ಕೈಯಲ್ಲಿ ರಿಮೋಟ್ ಹಿಡಿಯಬೇಕು. ಅದರೊಳಗಿನ ಪುಟ್ಟ ಸೆನ್ಸರ್, ಕೈ ಎಷ್ಟು ಜೋರಾಗಿ, ಯಾವ ಕಡೆ ಚಲಿಸಿತು ಎಂದು ಅಳೆಯುತ್ತದೆ. ಫೋನ್ ಅಡ್ಡ ಹಿಡಿದರೆ ವಿಡಿಯೋ ಕೂಡ ಅಡ್ಡವಾಗುತ್ತದಲ್ಲ, ಅದೂ ಇದೇ ಜಾತಿಯ ಸೆನ್ಸರ್‌ನ ಕೆಲಸ. ಎರಡನೆಯದರಲ್ಲಿ ಕೈ ಖಾಲಿ. ಟಿವಿ ಬಳಿಯ ಕ್ಯಾಮೆರಾ ನಿಮ್ಮ ಮೈಯ ಚಲನೆಯನ್ನು ನೋಡಿ ಗುರುತಿಸುತ್ತದೆ. ಅಂದರೆ ಇದು ಮಾಯವೂ ಅಲ್ಲ, ತೀರಾ ಹೊಸದೂ ಅಲ್ಲ.

ಮೊದಲ ಮಾತು: 'ಎಲ್ಲರ ಮನೆಗೂ ಬರುತ್ತದೆ'

ಒಮ್ಮೆ ಹೀಗೆ ಆಗಿದ್ದು ನಿಜ. ಜಪಾನಿನ ನಿಂಟೆಂಡೊ ಕಂಪನಿ 2006ರಲ್ಲಿ ತಂದ 'ವೀ' ಜಗತ್ತಿನಲ್ಲಿ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಗೆಲುವಿಗೆ ಕಾರಣ ಸೆನ್ಸರ್ ಒಂದೇ ಅಲ್ಲ. ಅಮೆರಿಕದಲ್ಲಿ ಬೆಲೆ 249 ಡಾಲರ್, ಆಗಿನ ಪ್ರತಿಸ್ಪರ್ಧಿಗಳಿಗಿಂತ ಅಗ್ಗ. ಅಲ್ಲಿ 'ವೀ ಸ್ಪೋರ್ಟ್ಸ್' ಎಂಬ ಆಟ ಡಬ್ಬಿಯಲ್ಲೇ ಬರುತ್ತಿತ್ತು. ಟೆನಿಸ್, ಬೌಲಿಂಗ್‌ನಂಥ ಆಟಗಳು, ಅಜ್ಜಿಯೂ ಮೊಮ್ಮಗನೂ ಹೇಳಿಕೊಡದೆ ಆಡಬಹುದಿತ್ತು.

ಆದರೆ ಮೈಕ್ರೋಸಾಫ್ಟ್‌ನ 'ಕಿನೆಕ್ಟ್' ಕತೆ ಬೇರೆ. 2010ರ ನವೆಂಬರ್‌ನಲ್ಲಿ ಬಂದ ಈ ಕ್ಯಾಮೆರಾ ಸಾಧನ ಮೊದಲ 60 ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. 2013ರಲ್ಲಿ ಕಂಪನಿ ಅದನ್ನು ತನ್ನ ಹೊಸ 'ಎಕ್ಸ್‌ಬಾಕ್ಸ್ ಒನ್' ಜೊತೆ ಕಡ್ಡಾಯವಾಗಿ ಕೊಟ್ಟಿತು. ಬೆಲೆ 499 ಡಾಲರ್ ಆಯಿತು. ಎದುರಾಳಿ ಪ್ಲೇಸ್ಟೇಷನ್ 4 ಸಿಗುತ್ತಿದ್ದದ್ದು 399ಕ್ಕೆ. ಮರುವರ್ಷವೇ ಕಿನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್ ಮಾರಾಟಕ್ಕೆ ಬಂತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ಮೊದಲ ಎರಡು ತಿಂಗಳ ಭರಾಟೆ ನೋಡಿ ಭವಿಷ್ಯ ಹೇಳಲಾಗದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎರಡನೇ ಮಾತು: 'ಬಟನ್ ಕಾಲ ಮುಗಿಯಿತು'

ಮುಗಿದಿಲ್ಲ. ಬೆರಳಿನಿಂದ ಬಟನ್ ಒತ್ತಲು ಕ್ಷಣ ಸಾಕು, ಆಯಾಸವಿಲ್ಲ. ಕೈ ಬೀಸುತ್ತಾ ಎರಡು ಗಂಟೆ ಆಡುವುದು ಕಷ್ಟ. ನಿಂಟೆಂಡೊ 2017ರಲ್ಲಿ ತಂದ 'ಸ್ವಿಚ್'ನಲ್ಲಿ ಬಟನ್ ಮತ್ತು ಚಲನೆಯ ಸೆನ್ಸರ್ ಎರಡೂ ಇವೆ. ಬೇಕಾದ ಆಟಕ್ಕೆ ಬೇಕಾದ್ದು ಬಳಸಿಕೊಳ್ಳಬಹುದು. ಅದು 15 ಕೋಟಿಗೂ ಹೆಚ್ಚು ಮಾರಾಟವಾಗಿದೆ.

ಮೂರನೇ ಮಾತು: 'ಮಕ್ಕಳಿಗೆ ವ್ಯಾಯಾಮ'

ಪೋಷಕರ ಮನಸ್ಸು ಕರಗುವುದು ಇಲ್ಲೇ. ಅಮೆರಿಕದ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 9ರಿಂದ 12 ವರ್ಷದ ಮಕ್ಕಳಿಗೆ ವೀ ಕೊಟ್ಟು 13 ವಾರ ಗಮನಿಸಿದರು. ಒಂದು ಗುಂಪಿಗೆ ಮೈ ಕುಣಿಸುವ ಆಟ, ಇನ್ನೊಂದಕ್ಕೆ ಕೂತು ಆಡುವ ಆಟ. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳ ದಿನದ ಒಟ್ಟು ದೈಹಿಕ ಚಟುವಟಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಧನ ತಂದುಕೊಟ್ಟ ಮಾತ್ರಕ್ಕೆ ಮಗು ಹೆಚ್ಚು ಓಡಾಡುತ್ತದೆ ಎನ್ನಲಾಗದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೋಟದ ಸಾಲಿನಲ್ಲಿ ಆಡುವ ಕಬಡ್ಡಿ, ಶಾಲೆಗೆ ತುಳಿಯುವ ಸೈಕಲ್ ಆ ಲೆಕ್ಕಕ್ಕೆ ಬಿಟ್ಟಿಯಾಗಿ ಸೇರುತ್ತವೆ.

ನಮ್ಮ ಮನೆಗಳಿಗೆ ಹೊಂದುತ್ತದೆಯೇ?

ಜಾಗ: ಕಿನೆಕ್ಟ್‌ಗೆ ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕಿತ್ತು. ಸೋಫಾ, ಟೀಪಾಯಿ, ಪಕ್ಕದಲ್ಲಿ ಕೊಬ್ಬರಿ ಚೀಲ ಇರುವ ಹಾಲ್‌ನಲ್ಲಿ ಅಳೆದು ನೋಡಿ.

ಬೆಲೆ: ಕೆಲವು ಮೋಷನ್ ಸಾಧನಗಳು ತಾವೇ ನಡೆಯುವುದಿಲ್ಲ, ಗೇಮಿಂಗ್ ಕನ್ಸೋಲ್ ಬೇರೆ ಕೊಳ್ಳಬೇಕು. 2021ರಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಬೆಲೆ 49,990 ರೂಪಾಯಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100. ಆ ದರದಲ್ಲಿ ನಾಲ್ಕು ಕ್ವಿಂಟಲ್‌ಗೂ ಹೆಚ್ಚು ಕೊಬ್ಬರಿ ಮಾರಬೇಕು. ಮಾರುಕಟ್ಟೆ ದರ ಏರಿದ್ದರೆ ಕಡಿಮೆ ಸಾಕಾದೀತು, ಆದರೆ ದರ ಪ್ರತಿ ವರ್ಷ ಏರುವುದಿಲ್ಲ.

ಸುರಕ್ಷತೆ: ವೀ ರಿಮೋಟ್ ಕೈ ಜಾರಿ ಹಾರುತ್ತಿದ್ದುದರಿಂದ ನಿಂಟೆಂಡೊ 2006ರ ಡಿಸೆಂಬರ್‌ನಲ್ಲಿ 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿಕೊಡಬೇಕಾಯಿತು. ಪಟ್ಟಿ ಹಾಕಿಕೊಳ್ಳದೆ ಮಕ್ಕಳನ್ನು ಆಡಲು ಬಿಡಬೇಡಿ.

ಹಾಗಾದರೆ ಏನು ಮಾಡಬೇಕು?

ಡೆಮೋ ವಿಡಿಯೋದಲ್ಲಿ ಎಲ್ಲವೂ ಸಲೀಸು. ತೆಂಗಿನ ಮರ ಹತ್ತುವ ಯಂತ್ರವೂ ಕೃಷಿ ಮೇಳದಲ್ಲಿ ಸಲೀಸಾಗಿಯೇ ಕಾಣುತ್ತದೆ, ತೋಟದಲ್ಲಿ ಅದಕ್ಕೆ ಅಭ್ಯಾಸ ಬೇಕು. ಆದ್ದರಿಂದ ಗೇಮ್ ಕೊಳ್ಳುವ ಮೊದಲು ಪರಿಚಯದವರ ಮನೆಯಲ್ಲೋ ಅಂಗಡಿಯಲ್ಲೋ ಅರ್ಧ ಗಂಟೆ ಆಡಿ ನೋಡಿ. ಫೋನ್ ವಾಲಿಸಿ ಆಡುವ ಉಚಿತ ಗೇಮ್ ಮಕ್ಕಳಿಗೆ ಎಷ್ಟು ದಿನ ಹಿಡಿಸುತ್ತದೆ ಗಮನಿಸಿ. ಜೊತೆಗೆ ಯಾವ ಆಟ ಬರುತ್ತದೆ, ಹೊಸ ಆಟಕ್ಕೆ ಮತ್ತೆಷ್ಟು ದುಡ್ಡು, ಕೆಟ್ಟರೆ ರಿಪೇರಿ ಹತ್ತಿರದಲ್ಲಿ ಸಿಗುತ್ತದೆಯೇ ಎಂದು ಕೇಳಿ.

ನಮ್ಮ ತೀರ್ಮಾನ: ಮೊದಲ ಮಾತು ಖಾತ್ರಿಯಿಲ್ಲ, ಎರಡನೆಯದು ತಪ್ಪು, ಮೂರನೆಯದು ಅರ್ಧ ಸತ್ಯ. ಅಗ್ಗವಾಗಿದ್ದು, ಮನೆಮಂದಿಗೆಲ್ಲ ಗೊತ್ತಿರುವ ಆಟ ಜೊತೆಗಿದ್ದು, ಚಿಕ್ಕ ಹಾಲ್‌ನಲ್ಲೂ ನಡೆಯುವಂತಿದ್ದರೆ ಹೊಸ ಸಾಧನ ಗೆದ್ದೀತು. ಇಲ್ಲವಾದರೆ ಆರು ತಿಂಗಳಲ್ಲಿ ಅಟ್ಟ ಸೇರೀತು. ಇಂಥ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಮನೆಯಲ್ಲಿ ಇದೆಯಾ?